ಗೇಟಿನ ಚೆಕಿಂಗ್ ನಿಲ್ಲಿಸಿದ ಮೇಲೆ

ಎಂಬತ್ತರ ದಶಕದ ಬಹುಪಾಲನ್ನು ನಾನು ತಿಪಟೂರಿನ ಹೊರಗಿನ ಒಂದು ಕೊಬ್ಬರಿ ಪುಡಿ ಫ್ಯಾಕ್ಟರಿಯಲ್ಲಿ ಕಳೆದೆ. ಒಡೆದ ಕಾಯಿಯ ತಿರುಳಿನ ಮೇಲಿರುವ ಕಂದು ಸಿಪ್ಪೆಯನ್ನು ಹೆರೆಯುವುದು ನಮ್ಮ ಕೆಲಸ. ಹೆಂಗಸರೆಲ್ಲ ನೆಲದ ಮೇಲೆ ಕೂತು ಹೆರೆಯುತ್ತಿದ್ದೆವು. ಕೈ ಒಂದು ಕಡೆ, ಬಾಯಿ ಇನ್ನೊಂದು ಕಡೆ. ಮೂರು ತಾಲ್ಲೂಕಿನ ಅತ್ತೆಯರ ಮಾನ ದಿನಾ ಅಲ್ಲಿ ಹರಾಜಾಗುತ್ತಿತ್ತು. ನನ್ನ ಪಕ್ಕ ಕೂರುತ್ತಿದ್ದವಳು ನಮ್ಮ ಶೆಟ್ಟಿಕೆರೆಯವಳೇ, ಚಿಕ್ಕಂದಿನ ಗೆಳತಿ. ಹೋಗುವಾಗಲೂ ಬರುವಾಗಲೂ ಬಸ್ಸಿನಲ್ಲಿ ಒಂದೇ ಸೀಟು. ಗಂಡ ತೀರಿಕೊಂಡ ಮೇಲೆ ನಾನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಅವಳೊಬ್ಬಳ ಹತ್ತಿರ.

ಸಂಜೆ ಗೇಟಿನಲ್ಲಿ ಚೆಕಿಂಗ್ ಇರುತ್ತಿತ್ತು. ಮೇಸ್ತ್ರಿಯಮ್ಮ ಒಬ್ಬೊಬ್ಬರದೂ ಸೆರಗು ಕೊಡವಿಸಿ, ಸೊಂಟ ತಡವಿ, ಬುತ್ತಿ ಡಬ್ಬಿ ತೆಗೆಸಿ ನೋಡಿದ ಮೇಲೇ ಹೊರಗೆ ಬಿಡುವುದು. ಲಾರಿಗೆ ಮೂಟೆ ತುಂಬುವ ಗಂಡಸರು ಎದುರಿಗೇ ಬೀಡಿ ಸೇದುತ್ತ ನಿಂತಿರುತ್ತಿದ್ದರು. ಒಂದು ಸಂಜೆ ತುಂಬು ಬಸುರಿಯೊಬ್ಬಳ ಹೊಟ್ಟೆಯನ್ನು ಆಕೆ ಬೆರಳಲ್ಲಿ ತಟ್ಟಿ, "ಇದು ಮಗೀನೋ, ಕಾಯೋ?" ಎಂದಳು. ಗಂಡಸರು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಬಸ್ಸಿನಲ್ಲಿ ಗೆಳತಿ, "ಬುಡೇ, ನಮ್ ಹಣೇಬರ," ಅಂದಳು.

"ಹಣೇಬರ ಅಲ್ಲ ಕಣೇ, ಆ ಗೇಟು," ಅಂದೆ ನಾನು. ನನ್ನ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮವ್ವ ಅನ್ನುತ್ತಿದ್ದುದು ಸುಳ್ಳಲ್ಲ.

ಮುಂದಿನ ವರ್ಷ ಆ ಮೇಸ್ತ್ರಿಯಮ್ಮ ಮಗಳ ಊರಿಗೆ ಹೋದಳು. ಏಳನೇ ಕ್ಲಾಸು ಓದಿದವಳು, ಹಾಜರಿ ಬರೆಯಬಲ್ಲಳು ಎಂದು ಫ್ಯಾಕ್ಟರಿಯ ಸಾವ್ಕಾರರು ಆ ಜಾಗಕ್ಕೆ ನನ್ನನ್ನು ಕರೆದರು. ನಾನು ನಿಂತಲ್ಲೇ ಹೇಳಿಬಿಟ್ಟೆ: ಮೇಸ್ತ್ರಿ ಕೆಲಸ ಮಾಡುತ್ತೇನೆ, ಆದರೆ ಯಾರ ಸೊಂಟಕ್ಕೂ ಕೈ ಹಾಕುವುದಿಲ್ಲ, ಹಾಕಿಸುವುದೂ ಇಲ್ಲ.

"ಕಾವಲು ಬುಟ್ರೆ ಕಾಯಿ ತಾನೇ ನಡ್ಕೊಂಡು ಹೋಯ್ತದೆ ಕಣಮ್ಮ," ಎಂದು ಅವರು ನಕ್ಕರು.

"ಹೋದ್ರೆ ಅದರ ಹಿಂದೇನೇ ನನ್ನೂ ಕಳ್ಸಿಬುಡಿ."

ಅವರು ನಗುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಆಯ್ತು. ಮಾತು ನೆನಪಿರಲಿ," ಅಂದರು.

ಮೊದಲ ಸಂಜೆ ಗೇಟಿನ ಪಕ್ಕ ಕೈಕಟ್ಟಿ ನಿಂತು, "ಹೋಗ್ರವ್ವ, ಯಾರೂ ನಿಲ್ಲಬ್ಯಾಡಿ," ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಒಬ್ಬೊಬ್ಬರೂ ನನ್ನ ಮುಂದೆ ನಿಂತು ತಾವಾಗಿಯೇ ಸೆರಗು ಕೊಡವಿದರು. ಪಾಪ, ಕಳ್ಳರಲ್ಲ, ರೂಢಿ. ಬೇಡವೆಂದರೂ ಕೇಳಲಿಲ್ಲ. "ನೋಡ್ಬುಡಕ್ಕ, ಆಮ್ಯಾಕೆ ಮಾತು ಬರೋದು ಬ್ಯಾಡ," ಎಂದರು. ಆ ರೂಢಿ ಬಿಡಿಸಲು ಬೇಸಿಗೆ ಕಳೆದು ಮಳೆಗಾಲ ಬರಬೇಕಾಯಿತು. ಕೊನೆಗೆ ಒಂದು ದಿನ ಎಲ್ಲರೂ ಮಾತಾಡುತ್ತ, ಒಬ್ಬರನ್ನೊಬ್ಬರು ನೂಕುತ್ತ, ನನ್ನ ಕಡೆ ತಿರುಗಿಯೂ ನೋಡದೆ ಆಚೆ ಹೋದರು. ಬೀಡಿ ಗಂಡಸರಿಗೆ ನೋಡಲು ಏನೂ ಸಿಗಲಿಲ್ಲ. ಅವತ್ತು ನಾನು ಹಿಗ್ಗಿಬಿಟ್ಟೆ.

ಈ ಹಿಗ್ಗನ್ನು ಗೆಳತಿಗೆ ಹೇಳೋಣವೆಂದು ಬಸ್ಸು ಹತ್ತಿದರೆ ಅವಳು ಹಿಂದಿನ ಸೀಟಿನಲ್ಲಿ ಬೇರೆಯವರ ಜೊತೆ ಕೂತಿದ್ದಳು. ಮಾರನೆಯ ದಿನವೂ ಅಷ್ಟೇ. ನಾನು ಹೆರೆಯುವವರ ಹತ್ತಿರ ಹೋದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ತಡೆಯಲಾರದೆ ಒಂದು ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಅವಳನ್ನು ಪಕ್ಕಕ್ಕೆ ಕರೆದು ಕೇಳಿದೆ: "ನಾನೇನೇ ಮಾಡ್ದೆ ನಿಂಗೆ?"

"ಏನೂ ಇಲ್ಲ. ಒಳ್ಳೇದೇ ಮಾಡಿದ್ದೀಯ," ಅಂದಳು. ತುತ್ತು ಕಲೆಸುತ್ತಾ ಮತ್ತೆ ಹೇಳಿದಳು: "ಮೊದ್ಲು ಮಕ್ಳಿಗೆ ಅಂತ ಯಾರಾದ್ರೂ ಒಂದು ಚೂರು ಸೆರಗಿಗೆ ಹಾಕ್ಕಂಡ್ರೆ ಸಾವ್ಕಾರ್ರ ಕಾಯಿ ಹೋಯ್ತಿತ್ತು. ಈಗ ಹಾಕ್ಕಂಡ್ರೆ ನಿನ್ ಅನ್ನ ಹೋಯ್ತದೆ. ಒಬ್ಬರನ್ನೊಬ್ರು ಕಾಯೋ ಹಂಗಾಗೈತೆ. ನೀನು ಮಾತು ಕೊಡೋವಾಗ ನಮ್ಮುನ್ನ ಒಂದ್ ಮಾತು ಕೇಳಿದ್ಯಾ?"

ಕೇಳಿರಲಿಲ್ಲ. ಆದರೂ ಆ ಬಸುರಿಯ ಹೊಟ್ಟೆಯ ಮೇಲಿನ ಬೆರಳು ಕಣ್ಣಿಗೆ ಕಟ್ಟಿತ್ತು. ಚೆಕಿಂಗ್ ಮತ್ತೆ ತರುವ ಯೋಚನೆ ಕನಸಿನಲ್ಲೂ ಬರಲಿಲ್ಲ. ಸಾವ್ಕಾರರಿಗೆ ಹೇಳಿ ಚೂರು ಬೇಕಾದವರು ಕೇಳಿ ತಗೊಳ್ಳಬಹುದು ಅಂತಲೂ ಮಾಡಿಸಿದೆ. ತಗೊಂಡರು. ಆದರೆ ಒಬ್ಬಳೇ ಉಣ್ಣುವುದು ನನಗೆ ತಪ್ಪಲಿಲ್ಲ. ಇಡೀ ದಿನ ಅಷ್ಟು ಜನರ ಮಧ್ಯೆ ಇದ್ದೂ, ಮನೆಗೆ ಬಂದು ಹಸುವಿನ ಹತ್ತಿರ ಮಾತಾಡುತ್ತಿದ್ದೆ.

ಆಮೇಲೆ ಅವಳ ಮಗಳ ಮದುವೆ ಬಂತು. ನಾನು ಎತ್ತಿ ಆಡಿಸಿದ ಕೂಸು. ಬೆಳಿಗ್ಗೆ ಬೇಗನೇ ಹೋಗಿ ನೆಟ್ಟಗೆ ಹಿತ್ತಲ ಅಡಿಗೆ ಚಪ್ಪರಕ್ಕೆ ನಡೆದೆ. ಫ್ಯಾಕ್ಟರಿ ಹೆಂಗಸರೆಲ್ಲ ಸಾಲಾಗಿ ಕೂತು ಕಾಯಿ ತುರಿಯುತ್ತಿದ್ದರು, ಯಾರದೋ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದರು. ನಾನೂ ಒಂದು ತುರಿಯುವ ಮಣೆ ಎಳೆದುಕೊಂಡು ಕೂತೆ. ನಗು ನಿಂತಿತು. ಒಬ್ಬಳು ಸೆರಗು ಸರಿಮಾಡಿಕೊಂಡು ಕಾಲು ಮಡಚಿದಳು.

ಗೆಳತಿ ಓಡಿಬಂದಳು. "ಅಯ್ಯೋ, ನೀವ್ಯಾಕೆ ಇಲ್ಲಿ? ಹೊಗೆ. ಸೀರೆ ಹಾಳಾಯ್ತದೆ, ಏಳಿ."

"ನಾನು ಕಣೇ," ಅಂದೆ.

"ಗೊತ್ತು, ಬನ್ನಿ," ಎಂದು ಕೈಹಿಡಿದು ಮುಂದಕ್ಕೆ ಕರೆದುಕೊಂಡು ಹೋದಳು. ಆಗಲೇ ಬಂದು ಕೂತಿದ್ದ ಸಾವ್ಕಾರರ ಪಕ್ಕ ಒಂದು ಕುರ್ಚಿ ಹಾಕಿಸಿ, ಅದನ್ನು ತನ್ನ ಸೆರಗಿನಲ್ಲೇ ಒರೆಸಿದಳು. ನಾನು ಕೂತ ಸ್ವಲ್ಪ ಹೊತ್ತಿಗೆ ಹಿತ್ತಲಲ್ಲಿ ಮತ್ತೆ ನಗು ಶುರುವಾಯಿತು.