ಹಗೇವಿಗೆ ದೀಪ ಇಳಿಸುವ ಮನೆಯವರು

ಕಳೆದ ಭಾನುವಾರ ಮೊಮ್ಮಗಳು ಮೊಬೈಲಿನಲ್ಲಿ ಒಂದು ನಕಾಶೆ ತೆಗೆದು ನನ್ನ ಮುಂದೆ ಹಿಡಿದಳು. ನಮ್ಮ ಅಡ್ಡಹೆಸರನ್ನು ಬರೆದರೆ ಆ ಹೆಸರಿನವರು ಎಲ್ಲೆಲ್ಲಿ ಇದ್ದಾರೋ ಅಲ್ಲೆಲ್ಲ ಕೆಂಪು ಚುಕ್ಕೆ ಬರುತ್ತದಂತೆ. ವಿಜಯಪುರ ಜಿಲ್ಲೆಯಲ್ಲಿ ಒಂದಿಷ್ಟು ಚುಕ್ಕೆಗಳು ಗುಂಪಾಗಿ ಕೂತಿದ್ದವು. ಸೊಲ್ಲಾಪುರದ ಕಡೆಗೆ ಅಲ್ಲೊಂದು ಇಲ್ಲೊಂದು. ಮುಂಬಯಿಯಲ್ಲಿ ಮೂರೇ ಮೂರು.

“ಅಜ್ಜಿ, ಹಮ್ ಕಿತನೇ ಕಮ್ ಹೈಂ! ಹುಲಿಗಿಂತ ಕಮ್ಮಿ ಇದ್ದೀವಿ ನಾವು,” ಎಂದು ನಕ್ಕಳು.

ನಾನೂ ನಕ್ಕೆ. ಆ ಮೂರರಲ್ಲಿ ವಿಕ್ರೋಳಿಯ ಚುಕ್ಕೆ ನಾವು. ಚೆಂಬೂರಿನ ಚುಕ್ಕೆ ಬೀಗ ಹಾಕಿದ ಮನೆ. ವಡಾಲದ ಚುಕ್ಕೆಯ ಬಗ್ಗೆ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳಿಗೆ ಫೋನು ಬಂತು, ಎದ್ದು ಹೋದಳು. ಎದುರು ಕೂತು ಹೇಳುವುದು ನನಗೆ ಮೊದಲಿನಿಂದಲೂ ಆಗುವುದಿಲ್ಲ. ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ್ದೇನೆ, ಬರೆಯಲು ಬರುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ. ಅಕ್ಕ ತಮ್ಮ ನಿಮಗಿಬ್ಬರಿಗೂ ಕನ್ನಡ ಓದಲು ಬರುವುದಿಲ್ಲ. ನಿಮ್ಮ ಅಪ್ಪ ಓದಿ ಹೇಳಲಿ. ಅವನ ಬಗ್ಗೆ ಬರೆದದ್ದನ್ನೂ ಬಿಡದೆ ಓದಲಿ.

ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಗಂಡನ ಹೆಸರು ಬಾಯಲ್ಲಿ ಬರಬಾರದು ಎಂದು ಕಲಿತವರು ನಾವು. ಅಡ್ಡಹೆಸರೂ ಅವರದೇ ಅಲ್ಲವೇ ಎಂದು ಅದನ್ನೂ ಹೇಳದೆ ಇಷ್ಟು ವರ್ಷ ಕಳೆದೆ. ನೀವು ದಿನಾ ಬರೆಯುತ್ತೀರಿ, ನಿಮಗೆ ಗೊತ್ತೇ ಇದೆ. ಅದು ಹೇಗೆ ಬಂತೆಂದು ಮಾತ್ರ ಗೊತ್ತಿಲ್ಲ.

ನಮ್ಮ ಕಡೆ ಮೊದಲು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಮಾತ್ರ ಕೋಣೆಯಷ್ಟು ಅಗಲ. ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಹಾಕಿದರೆ ಎಷ್ಟೋ ವರ್ಷ ಕಾಳು ಕೆಡುವುದಿಲ್ಲ. ಆದರೆ ತೆರೆದ ಕೂಡಲೇ ಇಳಿಯುವಂತಿಲ್ಲ. ಒಳಗೆ ಕೆಟ್ಟ ಗಾಳಿ ನಿಂತಿರುತ್ತದೆ, ಇಳಿದವನು ಮೇಲೆ ಬರುವುದಿಲ್ಲ. ಅದಕ್ಕೆ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡಬೇಕು. ದೀಪ ಆರಿತೆಂದರೆ ಕಾಯಬೇಕು. ನೆಟ್ಟಗೆ ಉರಿದರೆ ಇಳಿಯಬಹುದು. ಊರಿನಲ್ಲಿ ಆ ಕೆಲಸ ಒಂದೇ ಮನೆಯವರದು. ಯಾರ ಹಗೇವು ತೆರೆದರೂ ಅವರನ್ನು ಕರೆಯಬೇಕು, ಒಂದು ಮೊರದ ತುಂಬ ಜೋಳ ಕೊಟ್ಟು ಕಳಿಸಬೇಕು. ಆ ಕೆಲಸದಿಂದಲೇ ಆ ಮನೆಗೆ ಹೆಸರು ಬಂತು.

ಇನ್ನೊಂದು ಪದ್ಧತಿಯನ್ನು ನನ್ನ ಅತ್ತೆ ಹೇಳಿಕೊಟ್ಟಿದ್ದರು. ಆ ಹೆಸರಿನ ಯಾವ ಮನೆಯಲ್ಲಿ ಸಾವಾದರೂ, ಆ ಮನೆಯವರು ತಮ್ಮ ಹಗೇವಿಗೆ ತಾವೇ ದೀಪ ಇಳಿಸಬಾರದು. ಅದೇ ಹೆಸರಿನ ಇನ್ನೊಂದು ಮನೆಯವರು ಬಂದು ಇಳಿಸಬೇಕು. ಮಗನಾಗಲಿ ಸೊಸೆಯಾಗಲಿ, ಯಾರಾದರೂ ಸರಿ. ಅಲ್ಲಿಯವರೆಗೆ ಊಟ ಬೇರೆಯವರ ಕಾಳಿನಿಂದ. ಹಿಂದೆ ಯಾರೋ ಒಬ್ಬರು ಮಗನನ್ನು ಮಣ್ಣು ಮಾಡಿ ಬಂದು ದೀಪ ಇಳಿಸಿದರಂತೆ. ಅಳುತ್ತಿದ್ದ ಕಣ್ಣಿಗೆ ದೀಪ ಆರಿದ್ದು ಕಾಣಲಿಲ್ಲ. ಇನ್ನೊಬ್ಬ ಮಗನನ್ನು ಒಳಗೆ ಇಳಿಸಿದರು.

ಚೀಲಗಳು ಬಂದ ಮೇಲೆ ಹಗೇವುಗಳನ್ನು ಮುಚ್ಚಿದರು. ಕೆಲಸವಿಲ್ಲದೆ ಹೆಸರಷ್ಟೇ ಉಳಿಯಿತು. ಕೆಲವರು ಸೊಲ್ಲಾಪುರದ ಗಿರಣಿಗಳಿಗೆ ಹೋದರು, ನಿಮ್ಮ ಮುತ್ತಜ್ಜ ಮುಂಬಯಿಯ ಗಿರಣಿಗೆ ಬಂದರು, ನಿಮ್ಮ ಅಜ್ಜ ವಿಕ್ರೋಳಿಯ ಕಾರ್ಖಾನೆ ಸೇರಿದರು. ನಾನು ಮದುವೆಯಾಗಿ ಚಾಳಿಗೆ ಬಂದಾಗ ಅಡುಗೆಮನೆಯ ಮೂಲೆಯಲ್ಲಿ ಸೊಂಟದೆತ್ತರದ ತಗಡಿನ ಕೋಠಿ ಇತ್ತು. ವರ್ಷದ ಜೋಳ ಊರಿನಿಂದ ಬಸ್ಸಿನ ಮೇಲೆ ಬರುತ್ತಿತ್ತು. ಕೋಠಿಗೆ ತುಂಬಿ ಮುಚ್ಚಿಟ್ಟು, ಮೊದಲ ಸಲ ತೆರೆಯುವ ದಿನ ಅತ್ತೆ ಸಣ್ಣ ಹಣತೆಯನ್ನು ದಾರದ ಜೋಳಿಗೆಯಲ್ಲಿ ಕೂಡಿಸಿ ಕೋಠಿಯ ಬಾಯೊಳಗೆ ಇಳಿಸುತ್ತಿದ್ದರು. ಪಕ್ಕದ ಮನೆಯ ಗುಜರಾತಿ ಬೆನ್ ನೋಡಿ, ಇವರು ಜೋಳಕ್ಕೆ ಆರತಿ ಮಾಡುತ್ತಾರೆ ಎಂದು ನಗುತ್ತಿದ್ದಳು.

ನಿಮ್ಮ ಅಜ್ಜನಿಗೆ ಒಂದು ಚಟವಿತ್ತು. ಯಾವ ಬಿಲ್ಡಿಂಗಿಗೆ ಹೋದರೂ ಕೆಳಗಿನ ಹೆಸರಿನ ಬೋರ್ಡಿನ ಮುಂದೆ ನಿಂತುಬಿಡುತ್ತಿದ್ದರು. ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದುತ್ತಿದ್ದರು. ಚೆಂಬೂರಿನ ಮನೆಯವರು ನಮ್ಮೂರಿನವರೇ, ತೈಲ ಕಾರ್ಖಾನೆಯಲ್ಲಿ ಕೆಲಸ, ಅವರು ಗೊತ್ತಿದ್ದವರು. ಬೋರ್ಡಿನಲ್ಲಿ ಸಿಕ್ಕಿದ್ದು ವಡಾಲದ ಮನೆ ಒಂದೇ. ಜೊತೆಗೆ ಕೆಲಸ ಮಾಡುವವರ ಮನೆಗೆ ಬಾರಸಾಕ್ಕೆ, ಮಗುವಿನ ಹೆಸರಿಡುವ ಕಾರ್ಯಕ್ಕೆ, ಹೋದಾಗ ಆ ಬಿಲ್ಡಿಂಗಿನ ಬೋರ್ಡಿನಲ್ಲಿ ನಮ್ಮ ಹೆಸರಿತ್ತು.

“ಬಾ, ಮ್ಯಾಲ ಹೋಗಿ ಬರೂಣು,” ಎಂದರು.

“ಗುರ್ತಿಲ್ಲದವರ ಮನಿಗೆ ಹ್ಯಾಂಗ ಹೋಗೂದು?”

“ಹೆಸರ ಒಂದ ಐತಿ. ಇನ್ನೇನ ಗುರ್ತ ಬೇಕು ನಿನಗ?”

ಬಾಗಿಲ ಸರಪಳಿ ತೆಗೆಯದೆ ಒಬ್ಬ ಗಂಡಸು ಇಣುಕಿದ. “ವರ್ಗಣೀ ಪಾಹಿಜೇ ಕಾ?” ಎಂದ. ಗಣಪತಿ ಮಂಡಳದ ವಂತಿಗೆ ಕೇಳಲು ಬಂದವರೆಂದು ತಿಳಿದಿದ್ದ. ನಿಮ್ಮ ಅಜ್ಜ ತಮ್ಮ ಹರಕು ಮರಾಠಿಯಲ್ಲಿ ಹೆಸರು, ಊರು ಎಂದು ಶುರು ಮಾಡಿದರು. ಅವನ ಮುಖ ಇನ್ನಷ್ಟು ಗಂಟಾಯಿತು. ನನಗೆ ಓಡಿಹೋಗುವಂತಾಗಿ, “ಬರ್ರಿ, ಹೋಗೂಣು,” ಎನ್ನುತ್ತ ನಾನು ಆಗಲೇ ಎರಡು ಮೆಟ್ಟಿಲು ಇಳಿದಿದ್ದೆ. ಅಷ್ಟರಲ್ಲಿ ಒಳಗಿನಿಂದ ಮುದಿ ಧ್ವನಿಯೊಂದು ಕನ್ನಡದಲ್ಲಿ ಬಂತು. “ಯಾರದು? ಗಂಡ ಹೆಂಡ್ತಿ ಕನ್ನಡ ಮಾತಾಡಿದಂಗಾತಲ್ಲ. ಒಳಗ ಬಿಡೋ.”

ಅದು ಅವನ ತಾಯಿ. ಸೊಲ್ಲಾಪುರದ ಕಡೆಯ ಕನ್ನಡ. ಮಕ್ಕಳ ಕಾಲಕ್ಕೆ ಆ ಮನೆಯಲ್ಲಿ ಪೂರಾ ಮರಾಠಿ. ಆಕೆ ನಮ್ಮ ಊರು ಕೇಳಲಿಲ್ಲ, ನಿಮ್ಮ ಅಜ್ಜನನ್ನು ಏನೂ ಕೇಳಲಿಲ್ಲ. ನನ್ನ ಕಡೆ ತಿರುಗಿದರು.

“ಯವ್ವಾ, ಹೊಸಾ ಜ್ವಾಳದ ಕೋಠಿ ತೆಗಿಯೂ ಮುಂದ ಏನ ಮಾಡ್ತಿ?”

“ದೀಪಾ ಇಳಸ್ತೀನ್ರಿ.”

“ಎಷ್ಟೊತ್ತು?”

“ಉರಿ ನೆಟ್ಟಗ ನಿಲ್ಲೂತನಕ.”

ಆಕೆ ಮಗನಿಗೆ ಹೇಳಿದರು, “ಆಪಲೀ ಮಾಣಸಂ ಆಹೇತ. ಚಹಾ ಠೇವ.” ನಮ್ಮವರೇ, ಚಹಾ ಇಡು ಎಂದು.

ಮರಳುವಾಗ ರೈಲಿನಲ್ಲಿ ನಿಮ್ಮ ಅಜ್ಜ, “ನನ್ನ ಮಾತ ಯಾರೂ ನಂಬಲಿಲ್ಲ, ನಿನ್ನ ದೀಪಾ ನಂಬಿದ್ರು,” ಎಂದು ನಕ್ಕರು. ನನ್ನನ್ನು ಅವರು ಹೊಗಳಿದ್ದು ಕಡಿಮೆ. ಅದಕ್ಕೇ ನೆನಪಿದೆ.

ನನ್ನ ಅತ್ತೆ ತೀರಿಕೊಂಡಾಗ ವಡಾಲದ ಆ ತಾಯಿಯೇ, ಅಷ್ಟರಲ್ಲಿ ಅವರನ್ನು ಕಾಕಿ ಎನ್ನುತ್ತಿದ್ದೆವು, ಬಂದು ನಮ್ಮ ಕೋಠಿಗೆ ದೀಪ ಇಳಿಸಿದರು. ಚೆಂಬೂರಿನ ಯಜಮಾನರು ಹೋದಾಗ ನಿಮ್ಮ ಅಜ್ಜ ಹೋಗಿ ಇಳಿಸಿಬಂದರು. ಆಮೇಲೆ ಚೆಂಬೂರಿನ ಮಕ್ಕಳು ಪುಣೆಗೆ ಹೋದರು. ನಾವು ಚಾಳು ಬಿಟ್ಟು ಈ ಬಿಲ್ಡಿಂಗಿಗೆ ಬಂದೆವು. ಫೋನಿನ ನಂಬರುಗಳು ಬದಲಾದವು. ಹೋಗಬೇಕು, ಬರಬೇಕು ಎಂದು ಎರಡೂ ಕಡೆಯವರು ಅಂದುಕೊಳ್ಳುತ್ತಲೇ ಉಳಿದೆವು.

ಹೋದ ವರ್ಷ ಶ್ರಾವಣದಲ್ಲಿ ನಿಮ್ಮ ಅಜ್ಜ ಹೋದರು. ನೀವೆಲ್ಲ ಕಂಡದ್ದೇ, ಅದನ್ನು ಬರೆಯಲಾರೆ. ದಿನಕಾರ್ಯದವರೆಗೆ ಅಕ್ಕಪಕ್ಕದವರು ಡಬ್ಬಿಯಲ್ಲಿ ಅನ್ನ ತಂದರು. ಮುಗಿದ ಮೇಲೆ ಎಲ್ಲರೂ ತಂತಮ್ಮ ಕೆಲಸಕ್ಕೆ ಹೋದರು, ಮನೆಯಲ್ಲಿ ನಾನು ಮತ್ತು ಕೋಠಿ ಉಳಿದೆವು. ಊರಿನಿಂದ ಬಂದ ಜೋಳವನ್ನು ಅವರೇ ಮಾಳಿಗೆಗೆ ಹೊತ್ತು ತಂದು, ಅವರೇ ತುಂಬಿ ಮುಚ್ಚಿದ್ದರು. ಅದನ್ನು ಇನ್ನೂ ತೆರೆದಿರಲಿಲ್ಲ. ಅವರ ಕೈಯಿಂದ ಮುಚ್ಚಿದ್ದು ನಮ್ಮ ಹೆಸರಿನ ಬೇರೆ ಮನೆಯವರ ಕೈಯಿಂದಲೇ ಸರಿಯಾಗಿ ತೆರೆಯಬೇಕು ಎನ್ನುವುದೊಂದೇ ನನಗೆ ಹಟ. ನನ್ನ ಬದುಕಿನಲ್ಲಿ ನಾನು ಹಿಡಿದ ಹಟ ಅದೊಂದೇ ಇರಬೇಕು.

ನಿಮ್ಮ ಅಪ್ಪ ಚೆಂಬೂರಿಗೆ ಹೋಗಿ ಬೀಗ ನೋಡಿ ಬಂದ. ವಡಾಲದ ನಂಬರು ಹತ್ತಲಿಲ್ಲ. ಭಾನುವಾರ ಹೋಗುತ್ತೇನೆಂದ. ಒಂದು ಭಾನುವಾರ ಹಾರ್ಬರ್ ಲೈನಿನಲ್ಲಿ ದುರಸ್ತಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕ್, ಇನ್ನೊಂದು ಭಾನುವಾರ ಆಫೀಸಿನ ಕರೆ. ಪ್ಯಾಕೆಟ್ ಹಿಟ್ಟಿನ ಚಪಾತಿ ತಿಂದೆವು. ಕೋಠಿಯ ಮುಚ್ಚಳದ ಸಂದಿಯಿಂದ ಹುಳುಗಳು ಹೊರಬಂದು ಗೋಡೆ ಹತ್ತತೊಡಗಿದವು.

“ಅವ್ವಾ, ಇದು ಹಗೇವ ಅಲ್ಲ, ತಗಡಿನ ಕೋಠಿ. ಇದರಾಗ ಇಳದು ಯಾರ ಸಾಯ್ತಾರ?” ಎಂದ ನಿಮ್ಮ ಅಪ್ಪ.

ನಕಾಶೆ ತೋರಿಸಿದವಳೇ, ಆಗ ನೀನು ಅಂದೆ, “ಅಜ್ಜಿ, ನಾನು ಮಾಡ್ಲಾ? ಮೇರಾ ಭೀ ತೋ ಸೇಮ್ ಸರ್‌ನೇಮ್ ಹೈ.”

“ನೀನೂ ಇದ ಮನಿಯಾಕಿ. ನೀನೂ ಅಜ್ಜನ ಸಲುವಾಗಿ ಅತ್ತೀಯಲ್ಲ,” ಎಂದೆ. ಅಷ್ಟಕ್ಕಿಂತ ಹೆಚ್ಚು ಬಿಡಿಸಿ ಹೇಳಲು ಆಗಲಿಲ್ಲ. ಈಗ ಹೇಳುತ್ತಿದ್ದೇನೆ.

ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಹೊರಟೆ. ಒಬ್ಬಳೇ ಲೋಕಲ್ ಹತ್ತಿದ್ದು ಅದೇ ಮೊದಲು. ಕುರ್ಲಾದಲ್ಲಿ ಇಳಿದು ಸೇತುವೆ ದಾಟಿ ಹಾರ್ಬರ್ ಗಾಡಿ ಹಿಡಿಯಬೇಕು ಎನ್ನುವುದು ನಿಮ್ಮ ಅಜ್ಜನ ಬೆನ್ನ ಹಿಂದೆ ನಡೆದು ಗೊತ್ತಿತ್ತು. ಮುಂದೆ ಅವರ ಬೆನ್ನಿರಲಿಲ್ಲ. ಎರಡು ಸಲ ತಪ್ಪು ಪ್ಲಾಟ್‌ಫಾರ್ಮಿಗೆ ಇಳಿದೆ.

ಬಿಲ್ಡಿಂಗಿನ ವಾಚ್‌ಮನ್ ಕೇಳಿದ, “ಕಿಸಕೇ ಘರ್ ಜಾನಾ ಹೈ, ಮಾಜೀ?”

ಹೆಸರು ಬಾಯಿಗೆ ಬರಲಿಲ್ಲ. ಬೋರ್ಡಿನ ಹತ್ತಿರ ಹೋಗಿ, ಅವರು ಇಡುತ್ತಿದ್ದ ಹಾಗೆಯೇ ಬೆರಳಿಟ್ಟು ತೋರಿಸಿದೆ. ಬಣ್ಣ ಹೋಗಿತ್ತು, ಹೆಸರಿತ್ತು.

ಕಾಕಿಯ ಸೊಸೆ ಬಾಗಿಲು ತೆರೆದಳು. ಆಕೆಯ ಹಿಂದೆ ಗೋಡೆಯಲ್ಲಿ ಕಾಕಿಯ ಫೋಟೋ, ಅದಕ್ಕೆ ಗಂಧದ ಹಾರ. ನನ್ನ ಹಣೆ ನೋಡಿ ಆಕೆಗೂ ತಿಳಿಯಿತು. ಕೈ ಹಿಡಿದು ನನ್ನನ್ನು ಹೊಸ್ತಿಲ ಒಳಗೆ ಕರೆದುಕೊಂಡಳು.

ಕಾಕಿ ಹೋಗಿದ್ದು ನಿಮ್ಮ ಅಜ್ಜನಿಗಿಂತ ಮೊದಲು, ಯುಗಾದಿಯ ಹಿಂದೆಮುಂದೆ. ಹಳೆಯ ನಂಬರಿಗೆ ಫೋನು ಮಾಡಿದ್ದರಂತೆ, ಯಾರೋ ಬೇರೆಯವರು ಎತ್ತಿದರಂತೆ. ಚಾಳಿನಲ್ಲಿ ಕೇಳಿದರೆ ಬಿಟ್ಟು ಹೋದರು ಎಂದರಂತೆ. ಆಕೆ ಒಳಗೆ ಹೋಗಿ ಮಂಚದ ಕೆಳಗಿನಿಂದ ಒಂದು ಸಣ್ಣ ಡಬ್ಬಿ ಎಳೆದಳು. ಮನೆಯಲ್ಲಿ ಬೇರೆ ಯಾರೂ ಜೋಳ ತಿನ್ನುವುದಿಲ್ಲ, ಅತ್ತೆ ತನ್ನೊಬ್ಬಳಿಗೆಂದು ಇಟ್ಟುಕೊಂಡಿದ್ದು. “ವಿಕ್ರೋಳಿಯವರು ಬರುತ್ತಾರೆ, ಅವರೇ ತೆರೆಯಲಿ,” ಎಂದು ಕಾಕಿ ಸಾಯುವ ಮೊದಲು ಹೇಳಿದ್ದರಂತೆ. ಏಕೆಂದು ಸೊಸೆಗೆ ತಿಳಿದಿರಲಿಲ್ಲ. ಅತ್ತೆಯ ಮಾತೆಂದು ಅಷ್ಟು ತಿಂಗಳೂ ಮುಟ್ಟದೆ ಇಟ್ಟಿದ್ದಳು.

ಅಷ್ಟು ದಿನ ನಾನು ಅವರ ದಾರಿ ನೋಡಿದ್ದೆ. ಅವರು ನಮ್ಮ ದಾರಿ ನೋಡಿದ್ದರು.

ದೇವರ ಮುಂದಿನ ಹಣತೆ ತೆಗೆದುಕೊಂಡು, ದಾರ ಕೇಳಿ, ಇಳಿಸಿದೆ. ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ನನ್ನ ಕಣ್ಣು ಒಣಗಿದ್ದವು. ಕಾಕಿ ನನಗೆ ಬೇಕಾದವರೇ, ಆದರೂ ಆ ಮನೆಯ ದುಃಖ ನನ್ನದಲ್ಲ. ಉರಿ ಒಮ್ಮೆ ಬಾಗಿತು, ಆಮೇಲೆ ನೆಟ್ಟಗೆ ನಿಂತಿತು. ನನಗೆ ಚೆನ್ನಾಗಿ ಕಂಡಿತು. ಜೋಳ ಮಾತ್ರ ಹಿಟ್ಟಾಗಿ ಹೋಗಿತ್ತು.

“ಭಾನುವಾರ ನಮ್ಮ ಮನೆಗೆ ಬಾ,” ಎಂದು ಹಿಂದಿಯಲ್ಲಿ ಹೇಳಿದೆ. ಏಕೆಂದೂ ಹೇಳಿದೆ.

“ಯೇತೇ ಕಾಕೂ. ನಕ್ಕೀ ಯೇತೇ,” ಎಂದಳು. ಖಂಡಿತ ಬರುತ್ತೇನೆ ಎಂದು.

ಬರುವಾಗ ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿತು. ಶ್ರಾವಣದ ನಂತರ ಮೊದಲ ಸಲ ಹಸಿವಾಯಿತು. ಭಾನುವಾರ ರೊಟ್ಟಿ ಬಡಿಯಬಹುದು ಎಂದುಕೊಂಡೆ.

ಮನೆಗೆ ಬಂದರೆ ಗ್ಯಾಲರಿಯಲ್ಲಿ ಕೋಠಿ ತೊಳೆದು ಬೋರಲು ಹಾಕಿತ್ತು. ಜೋಳ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಸದ ಬುಟ್ಟಿಯ ಪಕ್ಕದಲ್ಲಿತ್ತು. ನಿಮ್ಮ ಅಪ್ಪ ಅಂದು ಬೇಗ ಬಂದಿದ್ದ. ಅಡುಗೆಮನೆಯ ಗೋಡೆಯ ಹುಳು ಒರೆಸಿ, ನೆಲ ಸಾರಿಸಿ, ನನಗೆ ಚಹಾ ಕೂಡ ಮಾಡಿಟ್ಟಿದ್ದ. ಸಿಟ್ಟಿನಿಂದ ಮಾಡಿದ್ದಲ್ಲ. ನನ್ನ ಮೇಲಿನ ಹೊರೆ ಇಳಿಸುತ್ತೇನೆಂದು ಮಾಡಿದ್ದು.

ನಾನು ಚೀಲದ ಬಾಯಿ ಬಿಚ್ಚಿ ನೋಡಿದೆ. ಅವನೇ ಹೇಳಿದ, “ದೀಪಾ ಹಿಡದಽ ತೆಗದೀನವ್ವಾ. ಹಂಗ ತೆಗಿಲಿಲ್ಲ.”

“ಉರೀತೇನು?” ಎಂದೆ.

ಅವನು ಬೋರಲು ಹಾಕಿದ ಕೋಠಿಯ ಕಡೆ ತಿರುಗಿದ. “ಮ್ಯಾಲ ಅಪ್ಪನ ಕೈ ಗುರ್ತ ಇತ್ತು. ಜ್ವಾಳಾ ತುಂಬಿ ಅಂಗೈಲೆ ಒತ್ತಿದ್ನಲ್ಲ, ಹಂಗ ಇತ್ತು. ದೀಪಾ ಉರೀತೋ ಆರಿತೋ ನನಗ ಕಾಣಲಿಲ್ಲ.”

ಭಾನುವಾರ ವಡಾಲದ ಸೊಸೆ ಬಂದಳು. ಅವಳಿಗೆ ತೆರೆಯಲು ಏನೂ ಇರಲಿಲ್ಲ. ಪ್ಯಾಕೆಟ್ ಹಿಟ್ಟಿನ ಚಪಾತಿ ಮಾಡಿ ಬಡಿಸಿದೆ. ಖಾಲಿ ಕೋಠಿಯ ಕಡೆ ಒಮ್ಮೆ ನೋಡಿದಳು. ಹೋಗುವಾಗ, ಮುಂದಿನ ವರ್ಷ ದೀಪಾವಳಿ ಕಳೆದ ಮೇಲೆ ನಾವೂ ವಡಾಲ ಬಿಡುತ್ತೇವೆ, ಬಿಲ್ಡಿಂಗ್ ಕೆಡವುತ್ತಾರೆ ಎಂದಳು. ಎಲ್ಲಿಗೆ ಎಂದು ಅವರಿಗೇ ಇನ್ನೂ ಗೊತ್ತಿಲ್ಲ. ಈ ಸಲದ ದೀಪಾವಳಿ ಹತ್ತಿರ ಬಂದಿದೆ.

ಕೋಠಿಗೆ ಮತ್ತೆ ಜೋಳ ತುಂಬಿ, ಅವಳ ಹೊಸ ನಂಬರನ್ನು ಮುಚ್ಚಳದ ಮೇಲೆ ಅಂಟಿಸಿದ್ದೇನೆ. ನಾನು ಹೋದ ದಿನ ನಿಮ್ಮ ಅಪ್ಪನನ್ನು ಅದರ ಹತ್ತಿರ ಬಿಡಬೇಡಿ. ನೀವೂ ಮುಟ್ಟಬೇಡಿ. ಅವರಿಗೆ ಫೋನು ಮಾಡಿ, ಬರುವವರೆಗೆ ಹೊರಗಿನಿಂದ ಏನಾದರೂ ತರಿಸಿ ತಿನ್ನಿ. ನಂಬರು ಹತ್ತದಿದ್ದರೆ ಆ ನಕಾಶೆ ತೆಗೆದು ನೋಡಿ, ಆ ಚುಕ್ಕೆ ಎಲ್ಲಿಗೆ ಹೋಗಿದೆಯೋ.