ಸುಮ್ಮನೆ ಕೂರುವ ವೀಸಾ

ಸಿಸ್ಟರಮ್ಮನ ಸೆರಗಿನ ಮೇಲೆ, ಎಡಭುಜದ ಕೆಳಗೆ, ಪುಟ್ಟ ಗಡಿಯಾರವೊಂದು ತಲೆಕೆಳಗಾಗಿ ನೇತಾಡುತ್ತಿತ್ತು. ನಿವೃತ್ತಿಯಾದ ಮೇಲೂ ಅದನ್ನು ತೆಗೆಯಲಿಲ್ಲ. ಮಾತಿನ ನಡುವೆ ಎರಡು ಬೆರಳಲ್ಲಿ ಅದನ್ನೆತ್ತಿ ನೋಡುವರು. ತಮ್ಮ ನಾಡಿಯನ್ನೇ ಎಣಿಸುತ್ತಿದ್ದಾರೇನೋ ಎಂದುಕೊಂಡು ಎದುರಿಗಿದ್ದವರು ನೆಟ್ಟಗೆ ಕೂರುವರು.

ಹೆಮ್ಮಿಗೆಯ ಕೇರಿಯಲ್ಲಿ ಹುಟ್ಟಿ, ನರ್ಸ್ ತರಬೇತಿ ಮುಗಿಸಿ, ಟಿ. ನರಸೀಪುರದ ಹೆರಿಗೆ ವಾರ್ಡಿನಲ್ಲೇ ಬಹುಕಾಲ ಕಳೆದವರು. ಸೇವೆಯ ಕೊನೆಯ ವರ್ಷಗಳಲ್ಲಿ ನಂಜನಗೂಡಿಗೆ ವರ್ಗವಾಗಿ, ನನ್ನ ಟೈಪಿಂಗ್ ಅಂಗಡಿಯ ಪಕ್ಕದ ಮನೆಗೆ ಬಾಡಿಗೆಗೆ ಬಂದರು. ನಡುವಯಸ್ಸಿನಲ್ಲಿ ಬೌದ್ಧಧರ್ಮ ಸ್ವೀಕರಿಸಿದ್ದರು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಬೇರೆಯೋರ ಮಕ್ಕಳನ್ನ ಹಿಡಿಯೋದ್ರಲ್ಲೇ ಪುರುಸೊತ್ತಾಗಲಿಲ್ಲ ಕಣ್ರೀ" ಎನ್ನುವರು.

ಎರಡು ಸಾವಿರದ ಮೂರನೇ ಇಸವಿ ಇರಬೇಕು. ನಿವೃತ್ತಿಯಾದ ಸ್ವಲ್ಪ ದಿನಕ್ಕೆ ಯಾತ್ರೆಯ ತಂಡವೊಂದರ ಜೊತೆ ಶ್ರೀಲಂಕಾಕ್ಕೆ ಹೋದರು. ಹಿಂತಿರುಗಿದ ಮರುದಿನ ಬೆಳಿಗ್ಗೆ, ನಾನಿನ್ನೂ ಅಂಗಡಿಯ ಕಸ ಗುಡಿಸುತ್ತಿದ್ದಾಗಲೇ ಬಂದು ಕುರ್ಚಿ ಎಳೆದು ಕೂತರು.

"ಅನುರಾಧಪುರದಲ್ಲಿ ಬೋಧಿಮರ ನೋಡ್ದೆ. ಅದರ ಹತ್ರಾನೇ ಒಬ್ಬ ಮುದುಕಿ ಮನೇಲಿ ಒಂದು ರೂಮು. ಕಿಟಕಿ ತೆಗೆದ್ರೆ ವಿಹಾರದ ಗಂಟೆ ಕೇಳುತ್ತೆ. ಮುಂದಿನ ವೈಶಾಖ ಹುಣ್ಣಿಮೆವರೆಗೂ ಬೇರೆ ಯಾರಿಗೂ ಕೊಡಲ್ಲ ಅಂದಿದ್ದಾಳೆ."

"ಅಲ್ಲೇ ಇರೋಕೆ ಬಿಡ್ತಾರಾ?"

"ಪೆನ್ಷನ್ ಬರೋ ವಯಸ್ಸಾದೋರಿಗೆ ಅಂತ್ಲೇ ಒಂದು ವೀಸಾ ಐತಂತೆ. ಒಂದೇ ಷರತ್ತು. ಅಲ್ಲಿ ಯಾವ ಕೆಲಸಾನೂ ಮಾಡಂಗಿಲ್ಲ." ಗಡಿಯಾರ ಎತ್ತಿ ನೋಡಿ ನಕ್ಕರು. "ಸುಮ್ಮನೆ ಕೂರೋಕೆ ಒಂದು ಸರ್ಕಾರ ಪರ್ಮಿಶನ್ ಕೊಡುತ್ತೆ ಅಂತ ನಂಗೆ ಗೊತ್ತೇ ಇರಲಿಲ್ಲ ಕಣೆ."

ಅರ್ಜಿಯನ್ನು ನಾನೇ ಟೈಪ್ ಮಾಡಿದೆ. ಪೆನ್ಷನ್ ಪತ್ರ, ವೈದ್ಯರ ಸರ್ಟಿಫಿಕೇಟು, ಪೊಲೀಸರ ಪತ್ರ ಎಲ್ಲ ಪಾಸ್‌ಪೋರ್ಟಿನ ಜೊತೆ ಸೇರಿಸಿ ಚೆನ್ನೈಯಲ್ಲಿರುವ ಶ್ರೀಲಂಕಾ ಕಚೇರಿಗೆ ರಿಜಿಸ್ಟರ್ಡ್ ಪೋಸ್ಟು ಮಾಡಿದೆವು. ಎಂಟು ವಾರ ಹಿಡಿಯುತ್ತದೆ ಎಂದು ಫೋನಿನಲ್ಲಿ ಹೇಳಿದ್ದರು. ಅವತ್ತಿನಿಂದಲೇ ಸಿಸ್ಟರಮ್ಮ ಸಿಂಹಳ ಅಕ್ಷರ ಕಲಿಯಲು ಕೂತರು. ಸಂಜೆ ಹಾಳೆ ತಂದು ನನ್ನ ಮೇಜಿನ ಮೇಲೆ ಹರಡಿ, "ನೋಡು, ನಮ್ಮ ಅಕ್ಷರದ ಥರಾನೇ ಗುಂಡಗವೆ. ಯಾರೋ ದಾಯಾದಿಗಳ ಮನೆಗೆ ಹೋದಂಗೆ ಇರುತ್ತೆ" ಎನ್ನುವರು. ಐವತ್ತೆಂಟರ ಹೆಂಗಸು ಮೊದಲ ದಿನ ಶಾಲೆಗೆ ಹೊರಟ ಹುಡುಗಿಯಂತೆ ಕಾಣುತ್ತಿದ್ದರು.

ಒಂಬತ್ತನೇ ವಾರ ಅರ್ಜಿ ವಾಪಸು ಬಂತು. ಜನನ ಪ್ರಮಾಣಪತ್ರವಿಲ್ಲ ಎಂಬ ಕಾರಣಕ್ಕೆ.

ಸಿಸ್ಟರಮ್ಮ ಆ ಕಾಗದವನ್ನು ಎರಡು ಸಲ ಓದಿದರು. ಸೇವೆಯುದ್ದಕ್ಕೂ ದಿನ, ಗಳಿಗೆ, ತೂಕ ಸಮೇತ ಊರವರ ಮಕ್ಕಳ ಹುಟ್ಟನ್ನು ಪುಸ್ತಕದಲ್ಲಿ ಬರೆದವರು ಅವರು. "ನನ್ನದನ್ನ ಮಾತ್ರ ಯಾರೂ ಬರೆದಿಲ್ಲ ನೋಡು" ಎಂದರು. ನಗಲು ಹೋದರು, ಆಗಲಿಲ್ಲ.

ಇಷ್ಟು ತಡವಾಗಿ ಹುಟ್ಟನ್ನು ನೋಂದಾಯಿಸಲು ಕೋರ್ಟಿನ ಆದೇಶ ಬೇಕಿತ್ತು. ಹುಟ್ಟಿದ್ದನ್ನು ಬಲ್ಲ ಸಾಕ್ಷಿ ಬೇಕೆಂದರು ವಕೀಲರು. ತಂದೆ ತಾಯಿ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಅಂಗಡಿಗೆ ಬೀಗ ಹಾಕಿ ನಾನೂ ಅವರ ಜೊತೆ ಹೆಮ್ಮಿಗೆಗೆ ಹೋದೆ. ಅವರ ತಾಯಿಗೆ ಹೆರಿಗೆ ಮಾಡಿಸಿದ್ದ ಸೂಲಗಿತ್ತಿ ಇನ್ನೂ ಬದುಕಿದ್ದಳು. ಬಾಗಿ ಅರ್ಧವಾಗಿದ್ದ ಮುದುಕಿ, ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು.

"ಬಾ ತಾಯಿ. ನೀನು ಆಸ್ಪತ್ರೆ ಸೇರ್ದ್ ಮ್ಯಾಕೆ ನನ್ನ ಯಾರೂ ಕರೀನಿಲ್ಲ" ಎಂದಳು. ದೂರಿದಂತೆಯೂ ಇತ್ತು, ಹೆಮ್ಮೆಪಟ್ಟಂತೆಯೂ ಇತ್ತು. ವಿಷಯ ಕೇಳಿ ತಕ್ಷಣ ಎದ್ದಳು. "ಓಗವ ನಡಿ" ಎಂದಳು. ಕೋರ್ಟಿರುವುದು ಇವತ್ತಲ್ಲ, ಮುಂದಿನ ವಾರ ಎಂದು ಅವಳನ್ನು ಕೂರಿಸಬೇಕಾಯಿತು.

ನರಸೀಪುರದ ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರು ಕೇಳಿದರು: "ಇವರು ಹುಟ್ಟಿದ ದಿನ ನಿಮಗೆ ನೆನಪಿದೆಯೇನಮ್ಮ?"

"ದಿನ ಗೊತ್ತಿಲ್ಲ ಸಾ. ಬಾವುಟ ಆರಿಸಿ ನಮ್ಗೆಲ್ಲ ಸ್ವಾತಂತ್ರ್ಯ ಬಂತು ಅಂದ್ರಲ್ಲ, ಆವಾಗ ಇವ್ಳು ಬೀದೀಲಿ ಓಡಾಡೋಳು. ಉಟ್ಟಿದ್ದು ಈ ಕೈಯಾಗೆ. ಉಟ್ದಾಗ ಅಳ್ನಿಲ್ಲ. ಬೆನ್ನಿಗೆ ಎರಡೇಟು ಆಕ್ದೆ, ಆಮ್ಯಾಕೆ ಅತ್ಲು."

"ಆ ಮಗು ಇವರೇ ಎಂದು ಹೇಗೆ ಹೇಳ್ತೀರಿ?"

"ಬಲಗಿವಿ ಇಂದೆ ಕರೀ ಮಚ್ಚೆ ಐತೆ. ನೋಡ್ಕಳಿ ಸಾ."

ಸಿಸ್ಟರಮ್ಮ ಬೆಪ್ಪಾಗಿ ನಿಂತರು. ಅಂಥದ್ದೊಂದು ಮಚ್ಚೆ ಇರುವುದು ಅವರಿಗೇ ಗೊತ್ತಿರಲಿಲ್ಲ. ಮ್ಯಾಜಿಸ್ಟ್ರೇಟರ ಮಾತಿನಂತೆ ಮಹಿಳಾ ಗುಮಾಸ್ತೆಯೊಬ್ಬರು ಬಂದು ಅವರ ಕಿವಿಯನ್ನು ಮೆಲ್ಲಗೆ ಮಡಿಚಿ ನೋಡಿ, "ಇದೆ ಸಾರ್" ಎಂದರು. ಶಾಲೆಯ ದಾಖಲೆಯಲ್ಲಿದ್ದ ತಾರೀಖನ್ನೇ ಹಿಡಿದು ಆದೇಶವಾಯಿತು. ಹೊರಗೆ ಬಂದ ಮೇಲೆ ಸಿಸ್ಟರಮ್ಮ ಮೆಟ್ಟಿಲ ಮೇಲೆ ಕೂತು ಆ ಮುದುಕಿಯ ಎರಡೂ ಕೈ ಹಿಡಿದುಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅರ್ಜಿ ಮತ್ತೆ ಹೋಯಿತು. ಈ ಸಲವೂ ಎಂಟು ವಾರ ಎಂದರು. ಎಂಟು ಹದಿನಾರಾಯಿತು. ಪ್ರತಿ ಸೋಮವಾರ ಹತ್ತೂವರೆಗೆ ನನ್ನ ಅಂಗಡಿಯಿಂದ ಚೆನ್ನೈಗೆ ಫೋನು. "ಪ್ರೊಸೆಸಿಂಗ್‌ನಲ್ಲಿದೆ ಅಮ್ಮಾ" ಎಂದು ಅದೇ ದನಿ, ಅದೇ ಮಾತು. ಅಷ್ಟರಲ್ಲಿ ಪೊಲೀಸರ ಪತ್ರದ ಅವಧಿ ಮುಗಿಯಿತು, ಮತ್ತೊಂದು ಮಾಡಿಸಿ ಕಳಿಸಿದೆವು. ವೈಶಾಖ ಹುಣ್ಣಿಮೆಗೆ ಒಂದು ತಿಂಗಳೂ ಉಳಿದಿರಲಿಲ್ಲ. ನನಗೇ ಸಿಟ್ಟು ಬಂದು, "ಬಿಡಿ ಸಿಸ್ಟರಮ್ಮ, ಆಗದ ಕೆಲಸ" ಎಂದುಬಿಟ್ಟೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಹೆರಿಗೆ ನೋವು ಎರಡು ದಿನ ಎಳೆದದ್ದನ್ನೂ ನೋಡಿದ್ದೀನಿ ಕಣೆ. ತಡ ಆಯ್ತು ಅಂತ ಎದ್ದು ಹೋಗೋಕಾಗುತ್ತಾ?"

ಹುಣ್ಣಿಮೆಗೆ ಹನ್ನೊಂದು ದಿನವಿದ್ದಾಗ ಪೋಸ್ಟ್‌ಮ್ಯಾನ್ ದಪ್ಪ ಲಕೋಟೆ ತಂದ. ಕತ್ತರಿ ಹಿಡಿದು ಅವರೇ ಒಡೆದರು. ಪಾಸ್‌ಪೋರ್ಟಿನ ಹಾಳೆ ತಿರುಗಿಸುತ್ತಾ ಹೋಗಿ ವೀಸಾ ಇದ್ದ ಪುಟದಲ್ಲಿ ನಿಂತರು. ಮೇಲಿನ ಸಾಲಿನಲ್ಲಿದ್ದ ಸಿಂಹಳ ಅಕ್ಷರಗಳ ಮೇಲೆ ಬೆರಳಿಟ್ಟು, ಒಂದೊಂದನ್ನೇ ಕೂಡಿಸಿ ಗಟ್ಟಿಯಾಗಿ ಓದಿದರು. ಟೈಪಿಂಗ್ ಕಲಿಯುತ್ತಿದ್ದ ಹುಡುಗಿಯರೆಲ್ಲ ಕೀಲಿ ಬಿಟ್ಟು ಕೇಳುತ್ತಾ ಕೂತರು. ಅವತ್ತು ಅಂಗಡಿಯಲ್ಲಿ ಯಾರೂ ಒಂದು ಪುಟವನ್ನೂ ಮುಗಿಸಲಿಲ್ಲ.

ಹುಣ್ಣಿಮೆಗೆ ಮೊದಲೇ ಅನುರಾಧಪುರ ಸೇರಿದರು, ಐದು ವರ್ಷ ಅಲ್ಲಿದ್ದರು. ವೀಸಾ ಎರಡು ಸಲ ನವೀಕರಣವಾಯಿತು, ಎರಡನೇ ಸಲಕ್ಕೆ ಒಂದೇ ವಾರ ಸಾಕಾಯಿತಂತೆ. "ಈಗ ನನ್ನ ಮುಖ ಕಂಡ್ರೆ ಕಚೇರಿಯೋರೇ ಚಾ ತರಿಸ್ತಾರೆ" ಎಂದು ಬರೆದಿದ್ದರು. ಆಮೇಲೊಂದು ಮಧ್ಯಾಹ್ನ ಆ ಮನೆಯೊಡತಿಯ ಮಗಳು ಫೋನು ಮಾಡಿದಳು. ಊಟ ಮಾಡಿ ಕಿಟಕಿಯ ಪಕ್ಕ ಮಲಗಿದವರು ಏಳಲಿಲ್ಲವೆಂದು ಮುರುಕು ಇಂಗ್ಲಿಷಿನಲ್ಲಿ ಹೇಳಿದಳು. ಅಂತ್ಯಕ್ರಿಯೆ ಅಲ್ಲೇ ಆಯಿತು. ಅವರೂ ಅದನ್ನೇ ಬಯಸಿದ್ದು.

ನನಗೆ ಆಗ ನಲವತ್ತಾರು. ಊರವರ ಅರ್ಜಿಗಳನ್ನೆಲ್ಲ ಟೈಪ್ ಮಾಡುತ್ತಾ ಬಂದವಳು ನಾನು, ನನಗೆಂದು ಒಂದು ಅರ್ಜಿ ಹಾಕಿದವಳಲ್ಲ. ಮರುವಾರ ಪಾಸ್‌ಪೋರ್ಟಿಗೆ ಅರ್ಜಿ ತುಂಬಿದೆ. ವಿಚಾರಣೆಗೆ ಬಂದ ಪೇದೆ ಕಾಗದ ನೋಡುತ್ತಾ, "ಯಾವ ದೇಶಕ್ಕಮ್ಮ?" ಎಂದು ಕೇಳಿದರು.

"ಇನ್ನೂ ಗೊತ್ತಿಲ್ಲ ಸಾರ್, ಹುಡುಕ್ತಾ ಇದೀನಿ" ಎಂದೆ.