ನೆರೆಯವರ ಸಾಕ್ಷಿ

ಬೆಳಗಾವಿಯಲ್ಲಿ ಬಿ.ಎ. ಓದುವಾಗ ನನಗೆ ನೀತಿಶಾಸ್ತ್ರ ಎಂಬ ವಿಷಯವಿತ್ತು. ರಜೆಗೆ ಹುಕ್ಕೇರಿಗೆ ಬಂದಾಗ ಸಿಕ್ಕವರಿಗೆಲ್ಲ ಅದನ್ನೇ ಹೇಳಿ ತಲೆ ತಿನ್ನುತ್ತಿದ್ದೆ. ಏನೇ ಆಗಲಿ ಸುಳ್ಳು ಹೇಳಕೂಡದು ಎಂದು ಒಬ್ಬ ತತ್ವಜ್ಞಾನಿ. ನಾಲ್ಕು ಜನಕ್ಕೆ ಒಳ್ಳೆಯದಾದರೆ ಆ ಕೆಲಸ ಸರಿ ಎಂದು ಇನ್ನೊಬ್ಬ. ಅವ್ವ ರೊಟ್ಟಿ ಬಡಿಯುತ್ತಲೇ ಎಲ್ಲ ಕೇಳಿ, "ಇಬ್ಬರೂ ಮಕ್ಕಳ ಲಗ್ನಾ ಮಾಡಿದಂಗ ಕಾಣಂಗಿಲ್ಲ" ಎಂದಳು.

ಆ ವಾರ ಸಂತೆಯ ದಿನ ಮುಂಜಾನೆ ಘೋಡಗೇರಿಯಿಂದ ಇಬ್ಬರು ಹಿರಿಯರು ನಮ್ಮ ಮನೆಗೆ ಬಂದರು. ಬಾಜೂ ಮನೆಯ ಹುಡುಗಿಯನ್ನು ಸೊಸೆಯಾಗಿ ತರುವ ವಿಚಾರ ಅವರದು. ಮಾತು ಮುಗಿಸುವ ಮೊದಲು ನೆರೆಯವರನ್ನು ಕೇಳುವುದು ನಮ್ಮ ಕಡೆಯ ರೂಢಿ. ಒಂದು ವರ್ಷದಿಂದ ಆ ಹುಡುಗಿ ಜಗಳಕ್ಕೆ ದನಿ ತೆಗೆದರೆ ಓಣಿಯ ನಾಯಿಗಳೂ ಸುಮ್ಮನಾಗುತ್ತಿದ್ದವು. ಅದಕ್ಕೇ ಒಂದು ಸಂಬಂಧ ಆಗಲೇ ತಪ್ಪಿತ್ತು.

"ಹುಡುಗಿ ಗುಣಾ ಹ್ಯಾಂಗ್ರಿ?" ಎಂದರು ಹಿರಿಯರು.

ಸತ್ಯ ಹೇಳಲೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ನನ್ನ ಕೈಗೆ ಚಹಾದ ಕಪ್ಪು ತುರುಕಿದಳು. "ಆಕಳಂಥಾ ಹುಡುಗಿರಿ. ಬಾಯಾಗ ಬೆರಳಿಟ್ರೂ ಕಚ್ಚಂಗಿಲ್ಲ." ಅವರು ಖುಷಿಯಿಂದ ಸಂತೆಗೆ ಹೋದರು.

"ಅವ್ವಾ, ಇದು ಅಪ್ಪಟ ಸುಳ್ಳು!" ಎಂದು ಹಾರಾಡಿದೆ.

"ಸಾವಿರ ಸುಳ್ಳ ಹೇಳಿ ಒಂದ ಲಗ್ನಾ ಮಾಡು ಅಂತಾರ. ನಾ ಹೇಳಿದ್ದು ಒಂದ."

ಲೆಕ್ಕವೇನೋ ಸರಿಯಾಗಿತ್ತು. ಅದಕ್ಕೇ ಸಿಟ್ಟು ಇನ್ನೂ ಏರಿತು.

ಮಧ್ಯಾಹ್ನ ಆ ಹುಡುಗಿಯೇ ಹಿತ್ತಲ ಬಾಗಿಲಿನಿಂದ ಬಂದಳು. ಕಣ್ಣು ಕೆಂಪಾಗಿದ್ದವು.

"ಕಾಕೂ, ಎಂಥಾ ಕೆಲಸಾ ಮಾಡಿದ್ರಿ! ಗೋಡಿ ಆಚೆ ಎಲ್ಲಾ ಕೇಳಿಸ್ತು. ನನಗ ಮುಂದ ಓದಿ ಸಾಲ್ಯಾಗ ಕಲಿಸೂದೈತಿ. ಬಂದವರು ಹೆದರಿ ಹೋಗ್ಲಿ ಅಂತ ಬೇಕಂತ ಒದರಾಕತ್ತೇನಿ. ನಾನಾಗಿ ಒಲ್ಲೆ ಅಂದ್ರ ಅಪ್ಪ ಕೇಳಂಗಿಲ್ಲ."

ಗೆದ್ದೆನೆಂದು ನಾನು ಎದ್ದು ನಿಂತೆ. "ನೋಡವ್ವಾ, ನಾ ಖರೆ ಹೇಳಿದ್ರ..."

"ನೀ ಸುಮ್ಮಕಿರು ಅಣ್ಣಾ," ಎಂದಳು ಹುಡುಗಿ. "ನಿನಗ ಖರೆದ ಚಿಂತಿ, ಕಾಕೂಗ ಲಗ್ನದ ಚಿಂತಿ. ನನ್ನ ಯಾರ ಕೇಳೀರಿ?"

ನಾನೂ ಅವ್ವನೂ ಮುಖ ಮುಖ ನೋಡಿಕೊಂಡೆವು. ನನಗೆ ನಿಜಕ್ಕೂ ನಾಚಿಕೆಯಾಯಿತು. ಅವ್ವ ಗಡಿಯಾರ ನೋಡಿ, "ಘೋಡಗೇರಿ ಬಸ್ ಇನ್ನೂ ಬಿಟ್ಟಿಲ್ಲ. ಓಡು. ಮುಂಜಾನಿ ಏನ ಹೇಳಾವಿದ್ದಿ, ಅದನ್ನ ಹೇಳಿ ಬಾ" ಎಂದಳು.

ಓಡಿದೆ. ಬಸ್ಸು ಏರುತ್ತಿದ್ದ ಹಿರಿಯರನ್ನು ತಡೆದು, "ಹುಡುಗಿ ಭಾಳ ಜಗಳಗಂಟಿ ಅದಾಳ್ರಿ" ಎಂದೆ. ಮುಂಜಾನೆ ಸತ್ಯವೆಂದು ತಿಳಿದಿದ್ದ ಮಾತು ಈಗ ಶುದ್ಧ ಸುಳ್ಳು.

"ಖರೆ ಏನೋ ತಮ್ಮಾ?" ಹಿರಿಯರು ನನ್ನ ಮುಖವನ್ನೇ ನೋಡಿದರು.

"ನಾ ಕಾಲೇಜಿನ್ಯಾಗ ನೀತಿಶಾಸ್ತ್ರ ಓದಾಕತ್ತೇನ್ರಿ," ಎಂದೆ. "ಸುಳ್ಳ ಹೇಳಂಗಿಲ್ಲ."